ಅಕ್ಕನಿಗೆ ಕೆತ್ತದ ಕಲ್ಲು

ಸಮಾಧಿಯ ಕಲ್ಲು ಕೆತ್ತುವ ಕೆಲಸವನ್ನು ನಾನು ಮೂವತ್ತೆಂಟು ವರ್ಷ ಮಾಡಿದೆ. ಈಗ ಸುತ್ತಿಗೆ ಹಿಡಿದರೆ ಬಲಗೈ ನಡುಗುತ್ತದೆ, ಆದ್ದರಿಂದ ಬಿಟ್ಟಿದ್ದೇನೆ. ಬಳ್ಳಾರಿಯ ಬ್ರೂಸ್‌ಪೇಟೆಯ ಹಿಂದಿನ ಓಣಿಯಲ್ಲಿದ್ದ ನಮ್ಮ ಶೆಡ್ಡಿನಲ್ಲಿ ಈಗ ಮೂವರು ಯುವಕರು ಮಷೀನು ಇಟ್ಟುಕೊಂಡಿದ್ದಾರೆ. ಅವರು ಒಂದು ದಿನ, "ಕಾಕಾ, ನಿಮ್ಮ ಕಾಲದಾಗ ಕೆಲಸ ಹೆಂಗಿತ್ತು, ಒಂದು ನೋಟ್‌ಬುಕ್ಕಿನ್ಯಾಗ ಬರದು ಕೊಡ್ರಿ" ಅಂದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆಯುವುದೆಂದರೆ ನನಗೆ ಕಲ್ಲಿನ ಮೇಲೆ ಬರೆಯುವುದೇ. ಕಾಗದದ ಮೇಲೆ ಏನು ಹೇಳಬೇಕು, ಏನು ಬಿಡಬೇಕು ಎಂದು ತಿಳಿಯುವುದಿಲ್ಲ. ಆದರೂ ಕೂತಿದ್ದೇನೆ. ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ನಮ್ಮ ಕೆಲಸದಲ್ಲಿ ಬಡ್ತಿ ಅನ್ನುವುದೇ ಇಲ್ಲ. ಸುತ್ತಿಗೆ ಹಿಡಿದವನು ಅದನ್ನು ಕೆಳಗಿಡುವ ತನಕ ಒಂದೇ ದರ್ಜೆ. ಹಾಗಾಗಿ ನೋಡಿದ ಜನರನ್ನೂ ಮಾಡಿದ ತಪ್ಪುಗಳನ್ನೂ ಬರೆಯುತ್ತೇನೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಮೂರೂ ಕಡೆಯ ಕ್ರೈಸ್ತ ಸ್ಮಶಾನಗಳಲ್ಲಿ ನನ್ನ ಕೈಯ ಕಲ್ಲುಗಳು ನಿಂತಿವೆ. ಆದರೆ ನನ್ನ ಸ್ವಂತ ಅಕ್ಕ ಕರುಣಮ್ಮನ ಸಮಾಧಿಗೆ ಮಾತ್ರ ಹತ್ತು ವರ್ಷ ಕಲ್ಲು ಇರಲಿಲ್ಲ. ಕಲ್ಲು ಸಿಗದೆ ಅಲ್ಲ. ಅವಳನ್ನು ಮಣ್ಣು ಮಾಡಿದ ದಿನ ನಾನೊಂದು ಸುಳ್ಳು ಹೇಳಿದ್ದೆ. ಆ ಸುಳ್ಳಿನ ಭಾರವನ್ನು ಅವಳ ಮಗಳು ಹೊತ್ತಳು. ಅದನ್ನು ಹೇಳದೆ ಈ ನೋಟ್‌ಬುಕ್ಕು ಮುಗಿಸಿದರೆ ನಿಮಗೆ ಅರ್ಧ ಕೆಲಸವನ್ನಷ್ಟೇ ಕಲಿಸಿದಂತೆ. ಆದರೆ ಮೊದಲಿನಿಂದ ಬರುತ್ತೇನೆ.

ನನಗೆ ಕೆಲಸ ಕಲಿಸಿದವರು ಖಾಸಿಂ ಸಾಬ್ ಮೇಸ್ತ್ರಿ. ಅವರು ಮುಸಲ್ಮಾನರು. ದರ್ಗಾಕ್ಕೆ, ಮಠಕ್ಕೆ, ಚರ್ಚಿಗೆ, ಕೇಳಿದವರಿಗೆಲ್ಲ ಕೆತ್ತುತ್ತಿದ್ದರು. ಬಾಯಿ ತುಂಬ ಎಲೆ ಅಡಿಕೆ, ಕಿವಿಯ ಮೇಲೊಂದು ಪೆನ್ಸಿಲ್ಲು. ಮೊದಲ ಆರು ತಿಂಗಳು ನನ್ನ ಕೈಗೆ ಚಾಣವನ್ನೇ, ಅಂದರೆ ಕೆತ್ತುವ ಉಳಿಯನ್ನೇ, ಕೊಡಲಿಲ್ಲ. ಕಾವಿಯ ಕೆಂಪು ನೀರಿನಲ್ಲಿ ಕಲ್ಲಿನ ಮೇಲೆ ಅಕ್ಷರ ಬರೆಸುವರು, ಒರೆಸುವರು, ಮತ್ತೆ ಬರೆಸುವರು. ಶಾಲೆಯಲ್ಲಿ ತಲೆಗೆ ಹತ್ತದ ಒತ್ತಕ್ಷರಗಳನ್ನೆಲ್ಲ ನಾನು ಕಲಿತದ್ದು ಸತ್ತವರ ಹೆಸರುಗಳಿಂದ.

ಒಂದು ದಿನ ನಾನು ಬರೆದ ಸಾಲನ್ನು ನೋಡಿ ಸಾಬರು ಎಲೆ ಅಡಿಕೆ ಉಗುಳಿ ಬಂದರು. "ಲೇ ಜಾನಪ್ಪ, ಇದು ಸಾಲೋ, ತುಂಗಭದ್ರಾ ಕಾಲುವಿಯೋ? ಹಿಂಗ ಸುತ್ತಿ ಸುತ್ತಿ ಹೊಂಟೈತಲ್ಲ!"

"ಸತ್ತೋರು ಎದ್ದು ಓದ್ತಾರೇನ್ರಿ ಸಾಬ್ರ?" ಅಂದೆ. ಆಗಿನ್ನೂ ಹುಡುಗಾಟ.

"ಓದ್ತಾರ ಬೇಟಾ. ಖಯಾಮತ್ ದಿನ ನಮ್ಮೋರೂ ಏಳ್ತಾರ, ನಿಮ್ಮೋರೂ ಏಳ್ತಾರ. ಎದ್ದ ಕೂಡ್ಲೆ ಹಿಂದ ತಿರುಗಿ ತಮ್ಮ ತಮ್ಮ ಕಲ್ಲು ನೋಡ್ತಾರ. ಇದನ್ನ ಸೊಟ್ಟ ಕೆತ್ತಿದಾಂವ ಯಾವನಲೇ ಅಂತ ನನ್ನ ಹುಡುಕ್ಕೊಂಡು ಬರ್ತಾರ. ಅಷ್ಟು ಮಂದಿಗೆ ಜವಾಬು ಕೊಡಾಕ ನನ್ನ ಕೈಲೆ ಆಗಂಗಿಲ್ಲಪ. ನೆಟ್ಟಗ ಬರಿ."

ನೆಟ್ಟಗೆ ಬರೆಯುವುದನ್ನು ಹಾಗೆ ಕಲಿತೆ.

ಕಲ್ಲು ತರಲು ಕುರುಗೋಡಿಗೆ ಹೋಗುತ್ತಿದ್ದೆವು. ಅಲ್ಲಿಯ ಗುಡ್ಡದ ಬೂದು ಕಲ್ಲು ಬಿಸಿಲು ಮಳೆಗೆ ಬಗ್ಗುವುದಿಲ್ಲ. ಕಲ್ಲನ್ನು ಆರಿಸುವ ರೀತಿ ಏನೆಂದರೆ, ಸಣ್ಣ ಸುತ್ತಿಗೆಯಿಂದ ಮೂಲೆ ಮೂಲೆಗೆ ತಟ್ಟಿ ಕಿವಿ ಇಡಬೇಕು. ಒಳ್ಳೆಯ ಕಲ್ಲು ಗಂಟೆಯ ಹಾಗೆ ಟಣ್ ಅನ್ನುತ್ತದೆ. ಒಳಗೆ ಬಿರುಕಿದ್ದರೆ ದನಿ ಸತ್ತು ಬರುತ್ತದೆ. ಒಮ್ಮೆ ಸಾಬರಿಗೆ ಜ್ವರ, ನನ್ನೊಬ್ಬನನ್ನೇ ಕಳಿಸಿದರು. ನಾನು ಹೊಳಪು ನೋಡಿ ಮರುಳಾಗಿ ತಟ್ಟದೆಯೇ ಒಂದನ್ನು ತಂದೆ. ನಾಲ್ಕು ದಿನ ಕೆತ್ತಿದೆ. ಕೊನೆಯ ಅಕ್ಷರಕ್ಕೆ ಚಾಣ ಇಟ್ಟಾಗ ಕಲ್ಲು ಹೆಸರಿನ ನಡುವೆಯೇ ಎರಡಾಯಿತು. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಸಾಬರು ನಕ್ಕುಬಿಟ್ಟರು. "ಕಣ್ಣಿಗೆ ಕೇಳಿದಿ, ಕಿವಿಗೆ ಕೇಳಲಿಲ್ಲ. ಹೋಗು, ಮತ್ತೊಂದು ತಾ." ಅಷ್ಟೇ. ಅಂಥ ಮೇಸ್ತ್ರಿ ಸಿಗುವುದು ಪುಣ್ಯ.

ನಮ್ಮ ಕ್ರೈಸ್ತ ಸಭೆಯವರ ಕಲ್ಲಿನಲ್ಲಿ ಕೊನೆಯ ಸಾಲು ಹೆಚ್ಚುಕಡಿಮೆ ಎಲ್ಲಕ್ಕೂ ಒಂದೇ. ‘ಪುನರುತ್ಥಾನದ ನಿರೀಕ್ಷೆಯಲ್ಲಿ’. ಯೇಸುಸ್ವಾಮಿ ಸತ್ತು ಮೂರನೆಯ ದಿನ ಸಮಾಧಿಯಿಂದ ಎದ್ದರು. ಅವರನ್ನು ನಂಬಿ ಮಲಗಿದವರೂ ಒಂದು ದಿನ ಏಳುತ್ತಾರೆ. ಇದು ನಮ್ಮ ನಂಬಿಕೆ. ಈ ‘ನಿರೀಕ್ಷೆ’ ಅನ್ನುವ ಮಾತಿನ ಬಗ್ಗೆ ನಮ್ಮ ಅಯ್ಯನವರು, ಅಂದರೆ ಪಾಸ್ಟರು, ಒಮ್ಮೆ ಚೆನ್ನಾಗಿ ಹೇಳಿದ್ದರು. ಬಂದರೂ ಬರಬಹುದು ಎಂದು ಕೂತಿರುವುದು ಬರಿಯ ಆಸೆ. ಬಸ್ಸು ಬರುತ್ತದೆಂದು ಗೊತ್ತಿದ್ದು, ಚೀಲ ಕೈಗೆತ್ತಿಕೊಂಡು ನಿಲ್ದಾಣದಲ್ಲಿ ನಿಲ್ಲುವುದು ನಿರೀಕ್ಷೆ. ಆದ್ದರಿಂದಲೇ ನಮ್ಮಲ್ಲಿ ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ ಇಟ್ಟು ಮಣ್ಣು ಮಾಡುವುದು. ಎದ್ದು ಕೂತರೆ ಮುಖ ಸೂರ್ಯ ಹುಟ್ಟುವ ಕಡೆಗೆ ಇರಬೇಕು. ಕಲ್ಲು ತಲೆಯ ಕಡೆ ನಿಲ್ಲಬೇಕು.

ಈಸ್ಟರ್ ಹಬ್ಬದ ದಿನ ಬೆಳಕು ಹರಿಯುವ ಹೊತ್ತಿಗೆ ನಮ್ಮ ಆರಾಧನೆ ನಡೆಯುವುದು ಸ್ಮಶಾನದಲ್ಲಿಯೇ. ಅದಕ್ಕೆ ಮುಂಚಿನ ವಾರ ಸಮಾಧಿಗಳಿಗೆ ಸುಣ್ಣ ಬಳಿಯುತ್ತಾರೆ, ಹೂ ಕಟ್ಟುತ್ತಾರೆ. ಹೊಸ ಕಲ್ಲು ಇಡಿಸುವವರೆಲ್ಲರಿಗೂ ಅದು ಆ ಬೆಳಗಿಗೇ ಆಗಬೇಕು. ವರ್ಷವೆಲ್ಲ ಕೇಳದವರು ಕೂಡ ಆ ವಾರ ಬಂದು ತಲೆಯ ಮೇಲೆ ಕೂರುತ್ತಾರೆ. ನೀವೂ ನೋಡುತ್ತಿದ್ದೀರಿ. ಆ ವಾರದ ಅವಸರದಲ್ಲೇ ನಾನು ಎರಡು ತಪ್ಪು ಮಾಡಿದೆ. ಒಂದು ನಗುವಂಥದ್ದು, ಇನ್ನೊಂದು ನಗಲಾಗದ್ದು.

ನಗುವಂಥದ್ದು ಸಿರುಗುಪ್ಪದಲ್ಲಿ. ಅಕ್ಕಿ ಗಿರಣಿಯ ಗುಮಾಸ್ತರಾದ ಆಶೀರ್ವಾದಪ್ಪನವರ ತಂದೆಯ ಕಲ್ಲು. ಶನಿವಾರ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಮುಟ್ಟಿದಾಗ ಮಟಮಟ ಮಧ್ಯಾಹ್ನ. ಮಳೆಗೆ ಸಮಾಧಿಯ ಗುಡ್ಡೆಮಣ್ಣು ಕರಗಿ ಸಪಾಟಾಗಿತ್ತು. ಸೂರ್ಯ ನೆತ್ತಿಯ ಮೇಲೆ. ಪೂರ್ವ ಯಾವುದು, ಪಶ್ಚಿಮ ಯಾವುದು, ಹೊಸ ಜಾಗ, ಕೇಳಲು ಒಬ್ಬ ಮನುಷ್ಯನಿಲ್ಲ. ನನಗಿನ್ನೂ ಎರಡು ಕಲ್ಲು ಇಡುವುದಿತ್ತು. ಅಂದಾಜಿನ ಮೇಲೆ ಗುಂಡಿ ತೋಡಿ ಸಿಮೆಂಟು ಹಾಕಿ ನಿಲ್ಲಿಸಿ ಬಂದೆ.

ಭಾನುವಾರ ಆರಾಧನೆ ಮುಗಿಯುವ ಮೊದಲೇ ಫೋನು. "ಏನ್ರಿ ಜಾನಪ್ಪ, ಕಲ್ಲು ಕಾಲಿನ ಕಡಿ ನಿಂದ್ರಿಸೀರಿ! ನಮ್ಮಪ್ಪ ಎದ್ದರ ಹಣಿ ಬಡ್ಕೊಂತಾನಲ್ರಿ!"

ಬಸ್ಸು ಹಿಡಿದು ಓಡಿದೆ. ಕುಟುಂಬದವರೆಲ್ಲ ಹೊಸ ಬಟ್ಟೆಯಲ್ಲಿ ಕಲ್ಲಿನ ಸುತ್ತ ನಿಂತಿದ್ದರು. ಅಲ್ಲಿಯ ಅಯ್ಯನವರು ಸಮಾಧಾನದ ಮನುಷ್ಯ. "ಇರಲಿ ಬಿಡ್ರಿ ಆಶೀರ್ವಾದಪ್ಪ. ಸ್ವಾಮಿಯ ಸಮಾಧಿಗೆ ಅಷ್ಟು ದೊಡ್ಡ ಬಂಡಿಗಲ್ಲು ಮುಚ್ಚಿದ್ರು, ಅದ ಉರುಳಿತು. ಇಷ್ಟಗಲದ ಜಾನಪ್ಪನ ಕಲ್ಲು ಏನು ಅಡ್ಡ ಬರ್ತೈತಿ?" ಅಂದರು. ಎಲ್ಲರೂ ನಕ್ಕರು, ನನಗೂ ಜೀವ ಬಂತು. ಆದರೆ ಸತ್ತವರ ಹೆಂಡತಿ ಒಪ್ಪಲಿಲ್ಲ.

"ಅಯ್ಯನೋರ, ನಿಮಗ ನಮ್ಮನಿಯೋರು ಗೊತ್ತಿಲ್ಲ. ನಲವತ್ತು ವರ್ಷ ಸಂಸಾರ ಮಾಡೀನಿ. ಕರೆ ಬಂತಂದ್ರ ಮುಂದ ಏನೈತಿ ನೋಡಂಗಿಲ್ಲ, ನಡದೇ ಬಿಡ್ತಾರ. ಮನ್ಯಾಗ ಹೊಸ್ತಿಲಾ ಎಷ್ಟು ಸಲ ಎಡವ್ಯಾರ! ಕಲ್ಲು ತೆಗೀರಿ."

ತೆಗೆದೆ. ಹಬ್ಬದ ದಿನ ಸಂಜೆಯ ತನಕ ಅಗೆದು, ಕಲ್ಲನ್ನು ತಲೆಯ ಕಡೆ ನಿಲ್ಲಿಸಿದೆ. ಆ ಅಜ್ಜಿ ಅಲ್ಲಿಯೇ ಕೂತು ನನಗೆ ಊಟ ಹಾಕಿದಳು. ಅವಳ ಮುಖದಲ್ಲಿ ದುಃಖ ಕಾಣಲಿಲ್ಲ; ಗಂಡ ಊರಿಗೆ ಹೋಗಿದ್ದಾನೆ, ಬರುವ ದಾರಿಯಲ್ಲಿ ಕಸ ಇರಬಾರದು, ಅಷ್ಟೇ ಅವಳ ಚಿಂತೆ. ನಂಬಿಕೆ ಅಂದರೆ ಇಷ್ಟು ಸಲೀಸಾಗಿರುತ್ತದೆಯೇ ಎಂದು ನನಗೆ ಅವತ್ತು ಬೆರಗಾಯಿತು. ಇನ್ನು ಮೇಲೆ ನೀವು ಯಾವ ಊರಿಗೆ ಹೋದರೂ ಮಧ್ಯಾಹ್ನ ಕಲ್ಲು ಇಡಬೇಡಿ. ಇಡಲೇಬೇಕಾದರೆ ಪೂರ್ವ ಯಾವುದೆಂದು ಇಬ್ಬರನ್ನು ಕೇಳಿ.

ಇನ್ನು ನಗಲಾಗದ್ದು.

ಕರುಣಮ್ಮ ನನಗಿಂತ ಏಳು ವರ್ಷ ದೊಡ್ಡವಳು. ನಮ್ಮವ್ವ ಬೇಗ ಹೋದಳು. ನನಗೆ ಉಣಿಸಿ, ಮೈ ತೊಳೆದು ಬೆಳೆಸಿದ್ದು ಅಕ್ಕನೇ. ಸಿರುಗುಪ್ಪದ ಹತ್ತಿರ ಕರೂರಿಗೆ ಮದುವೆಯಾಗಿ ಹೋದಳು. ಗಂಡ ತೀರಿಕೊಂಡ ಮೇಲೆ ಭತ್ತದ ಗದ್ದೆಯಲ್ಲಿ ನಾಟಿ ಕೂಲಿ ಮಾಡಿ ಒಬ್ಬಳೇ ಮಗಳು ಸುಗುಣಳನ್ನು ಸಾಕಿದಳು. ಬಳ್ಳಾರಿಗೆ ಬಂದರೆ ನೇರ ಶೆಡ್ಡಿಗೇ ಬರುವಳು, ಸೆರಗಿನಿಂದ ನನ್ನ ತಲೆಯ ಮೇಲಿನ ಕಲ್ಲುಪುಡಿ ಝಾಡಿಸುವಳು. "ಏನೋ ತಮ್ಮಾ, ಮುದುಕನಂಗ ಕಾಣ್ತಿ. ಕಲ್ಲಿನ ಜೋಡಿ ಮಾತಾಡಿ ಮಾತಾಡಿ ಮಂದಿ ಜೋಡಿ ಮಾತು ಮರ್ತೀಯೇನು?" ಎನ್ನುವಳು.

ಹನ್ನೊಂದು ವರ್ಷದ ಹಿಂದಿನ ಮಾತು. ಈಸ್ಟರ್ ಮುಂಚಿನ ಸೋಮವಾರ. ಶೆಡ್ಡಿನಲ್ಲಿ ಹನ್ನೊಂದು ಕಲ್ಲು ಬಾಕಿ. ಅಕ್ಕನ ಫೋನು ಬಂತು.

"ತಮ್ಮಾ, ಮೈಯಾಗ ಬರೋಬರಿ ಇಲ್ಲೋ. ಒಮ್ಮಿ ಬಂದು ಹೋಗು."

"ಏನಾಗೈತಕ್ಕಾ?"

"ಏನಿಲ್ಲ. ನಿನ್ನ ನೋಡಬೇಕನಿಸ್ತು. ಸುಗುಣಾಗ ಹೇಳಬ್ಯಾಡ, ಸುಮ್ನ ಗಾಬರಿ ಆಗ್ತಾಳ."

"ಕೆಲಸ ಬಾಳ ಐತಕ್ಕಾ. ಹಬ್ಬ ಮುಗಿಸ್ಕೊಂಡು ಬರ್ತೀನಿ."

"ಆತು ಬಿಡು," ಅಂದಳು.

ಬುಧವಾರ ಮತ್ತೆ ಫೋನು ಬಂತು. ಕೈಯಲ್ಲಿ ಸುತ್ತಿಗೆ ಇತ್ತು. ಅಕ್ಕನ ಹೆಸರು ನೋಡಿದೆ, ಎತ್ತಲಿಲ್ಲ. ಗುರುವಾರ ಎರಡು ಸಲ ಬಂತು. ಎತ್ತಲಿಲ್ಲ. ಕರೂರು ದೂರದ ಊರಲ್ಲ, ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದೊಳಗೆ ನೋಡಿ ತಿರುಗಿ ಬರಬಹುದು. ಶುಕ್ರವಾರ ಮಧ್ಯಾಹ್ನ ಅಕ್ಕ ತೀರಿಕೊಂಡಳು.

ಶನಿವಾರ ಮಣ್ಣು ಮಾಡಿದೆವು. ಸುಗುಣ ನನ್ನ ಎದೆಗೆ ಬಿದ್ದು ಅತ್ತಳು. "ಮಾಮಾ, ಅವ್ವ ನಿನಗರ ಏನಾದ್ರೂ ಹೇಳಿದ್ಲೇನು? ನನ್ನ ಮುಂದ ಒಂದು ಮಾತು ಬಾಯಿ ಬಿಡ್ಲಿಲ್ಲ."

ಸುತ್ತ ನೆಂಟರೆಲ್ಲ ನಿಂತಿದ್ದರು. ನನ್ನ ಬಾಯಿಂದ ಬಂದ ಮಾತು ಇದು: "ಇಲ್ಲವ್ವ. ನನಗೇನೂ ಗೊತ್ತಿರ್ಲಿಲ್ಲ. ಯಾರಾದ್ರೂ ಒಂದು ಮಾತು ತಿಳಿಸಿದ್ರ ಓಡಿ ಬರ್ತಿದ್ದೆ."

ಯಾರಾದರೂ ಅಂದರೆ ಆ ಮನೆಯಲ್ಲಿ ಇದ್ದವಳು ಸುಗುಣ ಒಬ್ಬಳೇ. ಆ ಮಾತು ಹೋಗಿ ಅವಳಿಗೇ ನಾಟಿತು. ಅವತ್ತಿನಿಂದ ಅವಳು, "ನಾನ ತಪ್ಪು ಮಾಡಿದೆ. ಅವ್ವನ ಮುಖ ನೋಡಿ ತಿಳ್ಕೊಂಡು ಮಾಮಾಗ ಫೋನ್ ಹಚ್ಚಬೇಕಿತ್ತು" ಎನ್ನತೊಡಗಿದಳು. ಪ್ರತಿ ಹಬ್ಬದಲ್ಲೂ ಅಂದಳು. ನಾನು ಅವಳ ಮನೆಯ ಚಹಾ ಕುಡಿಯುತ್ತ, "ಬಿಡವ್ವ, ದೇವರ ಚಿತ್ತ" ಎಂದು ಸಮಾಧಾನ ಹೇಳಿದೆ. ಇದಕ್ಕಿಂತ ಕೆಟ್ಟ ಕೆಲಸವನ್ನು ನಾನು ಇನ್ನೊಂದು ಮಾಡಿಲ್ಲ.

ಕಲ್ಲು ಯಾವಾಗ ಮಾಮಾ ಎಂದು ಸುಗುಣ ಕೇಳುವಳು. ಒಳ್ಳೆಯ ಕಲ್ಲು ಸಿಗಲಿ ಎನ್ನುವೆ. ಮರುವರ್ಷ, ಕೆಲಸ ಬಹಳ ಎನ್ನುವೆ. ನಿಜ ಏನೆಂದರೆ ಮೂರು ಸಲ ಕಲ್ಲು ತಂದು ಕಾವಿಯಲ್ಲಿ ಅಕ್ಕನ ಹೆಸರು ಬರೆದೆ. ಕೊನೆಯ ಸಾಲಿಗೆ ಬಂದಾಗ ಕೈ ನಿಂತಿತು. ಬೇರೆಯವರಿಗೆ ನಿರೀಕ್ಷೆ ಎಂದು ಕೆತ್ತುತ್ತಿದ್ದೆನಲ್ಲ, ನನಗೆ ಆ ದಿನ ಅಂದರೆ ಭಯ. ಅಕ್ಕ ಎದ್ದರೆ ಮೊದಲು ಹುಡುಕುವುದು ನನ್ನನ್ನೇ. ನಾಲ್ಕು ಸಲ ಕರೆದೆನಲ್ಲ ತಮ್ಮಾ ಎಂದರೆ ಏನು ಹೇಳಲಿ? ಮೂರೂ ಸಲ ಹೆಸರನ್ನು ಒರೆಸಿ, ಆ ಕಲ್ಲನ್ನು ಬೇರೆಯವರಿಗೆ ಕೆತ್ತಿಕೊಟ್ಟೆ.

ಈ ನಡುವೆ ಖಾಸಿಂ ಸಾಬರು ಹೋದರು, ಮಷೀನು ಬಂತು. ಕಂಪ್ಯೂಟರಿನಲ್ಲಿ ಅಕ್ಷರ ಬರೆದು, ಅಂಟಿನ ಹಾಳೆಯಲ್ಲಿ ಕತ್ತರಿಸಿ, ಕಲ್ಲಿಗೆ ಅಂಟಿಸಿ, ಗಾಳಿಯ ಜೊತೆ ಮರಳು ಹೊಡೆಯುವುದು. ನಾನು ನಾಲ್ಕು ದಿನ ಮಾಡುತ್ತಿದ್ದ ಕೆಲಸ ಒಂದು ತಾಸು. ಕರಿಕಲ್ಲಿನ ಮೇಲೆ ಫೋಟೋ ಕೂಡ ಬರುತ್ತದೆ. ಮೊದಮೊದಲು ನಾನು ಮೂಗು ಮುರಿದೆ, ಆಮೇಲೆ ಬೆರಗಾದೆ. ಒಬ್ಬ ಲಾರಿ ಡ್ರೈವರನ ಫೋಟೋ ನೆನಪಿದೆಯಲ್ಲ ನಿಮಗೆ? ಮನೆಯಲ್ಲಿ ಇದ್ದದ್ದು ಅದೊಂದೇ, ಯಾವುದೋ ಮದುವೆಯಲ್ಲಿ ಕೂಲಿಂಗ್ ಗ್ಲಾಸು ಹಾಕಿಕೊಂಡು ನಿಂತದ್ದು. ಗ್ಲಾಸು ತೆಗೆಯಲು ಬರುವುದಿಲ್ಲ ಎಂದು ನೀವು ಪೇಚಾಡುತ್ತಿದ್ದಿರಿ. ಅವನ ಹೆಂಡತಿ ಕಣ್ಣೊರೆಸಿಕೊಳ್ಳುತ್ತಲೇ, "ಇರ್ಲಿ ಬಿಡ್ರಿ. ಅಲ್ಲಿ ಬೆಳಕು ಬಾಳ ಇರ್ತೈತಂತ, ಬೇಕಾಗ್ತೈತಿ" ಅಂದಳು. ಅವಳೂ ನಕ್ಕಳು, ನಾವೂ ನಕ್ಕೆವು. ಸ್ಮಶಾನದ ಕೆಲಸ ಎಂದು ಮುಖ ಇಳಿಬಿಟ್ಟುಕೊಂಡು ಇರಬೇಕಿಲ್ಲ ಎಂದು ನಾನು ಹೇಳುವುದು ಇದಕ್ಕೇ.

ನನ್ನ ಬದುಕನ್ನು ತಿರುಗಿಸಿದವರು ಸುಂದರಮ್ಮ ಟೀಚರು. ಸತ್ಯನಾರಾಯಣಪೇಟೆಯಲ್ಲಿ ಮನೆ, ತೊಂಬತ್ತರ ಹತ್ತಿರದ ವಯಸ್ಸು. ಗಂಡ ತೀರಿಕೊಂಡಾಗ ಅವರು ಜೋಡಿ ಕಲ್ಲು ಮಾಡಿಸಿದ್ದರು. ಎಡಕ್ಕೆ ಗಂಡನ ಹೆಸರು, ಬಲಕ್ಕೆ ತಮ್ಮದೇ ಹೆಸರು ಮತ್ತು ಹುಟ್ಟಿದ ದಿನ. ಹೋದ ದಿನದ ಜಾಗ ಖಾಲಿ. ಆ ಖಾಲಿ ಜಾಗವನ್ನು ಇಪ್ಪತ್ತು ವರ್ಷದಿಂದ ಖಾಲಿಯೇ ಇಟ್ಟಿದ್ದಾರೆ. ಒಮ್ಮೆ ಅವರ ಹಳೆಯ ವಿದ್ಯಾರ್ಥಿಯೊಬ್ಬ ಕಲ್ಲಿನ ಮೇಲೆ ಹೆಸರು ನೋಡಿ, ಖಾಲಿ ಜಾಗ ಗಮನಿಸದೆ, ಹೂಮಾಲೆ ಹಾಕಿ ಕಣ್ಣೀರು ಸುರಿಸಿ ಹೋದ. ಅದೇ ಸಂಜೆ ಬ್ರೂಸ್‌ಪೇಟೆಯಲ್ಲಿ ಮಂಡಕ್ಕಿ ಕಟ್ಟಿಸಿಕೊಳ್ಳುವಾಗ ಟೀಚರು ಎದುರಿಗೆ ಬಂದರು. ಮನುಷ್ಯ ಪೊಟ್ಟಣ ಕೈಬಿಟ್ಟ. "ಮಂಡಕ್ಕಿ ಚೆಲ್ಲಬ್ಯಾಡಲೇ, ನಾನ ಅದೀನಿ!" ಅಂದರಂತೆ ಟೀಚರು. ಇದನ್ನು ಅವರು ಇಡೀ ಊರಿಗೆ ಹೇಳಿಕೊಂಡು ನಗುವರು. "ಸ್ವಾಮಿ ಎದ್ದು ಬಂದಾಗ ಶಿಷ್ಯರೂ ಹಿಂಗ ಬೆಚ್ಚಿರಬೇಕು ನೋಡೋ ಜಾನಪ್ಪ. ಸಂತೋಷ ಆಮ್ಯಾಲೆ, ಮೊದಲು ಗಾಬರಿ."

ಹೋದ ವರ್ಷ, ನಾನು ಕೆಲಸ ಬಿಟ್ಟ ಮೇಲೆ, ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ದಿನ ಅವರ ಕಲ್ಲಿನ ಅಕ್ಷರಗಳಿಗೆ ಕಪ್ಪು ಬಣ್ಣ ತುಂಬಲು ಕರೆದಿದ್ದರು. ಬಣ್ಣ ತುಂಬುವುದಕ್ಕೆ ನಡುಗುವ ಕೈ ನಡೆಯುತ್ತದೆ, ಒರೆಸಿಕೊಳ್ಳಬಹುದು. ಟೀಚರು ತಮ್ಮ ಸಮಾಧಿಯ ಕಟ್ಟೆಯ ಮೇಲೆಯೇ ಕೂತು ಮಿರ್ಚಿ ತಿನ್ನುತ್ತಿದ್ದರು.

"ಲೇ ಜಾನಪ್ಪ, ನಿಮ್ಮಕ್ಕಗ ಕಲ್ಲು ಇಟ್ಟೇನು?"

"ಇಲ್ಲ ಟೀಚರ್."

"ಹತ್ತು ವರ್ಷ ಆತಲ್ಲೋ! ನಂಬ್ತೀಯಿಲ್ಲೋ ಪುನರುತ್ಥಾನ?"

"ನಂಬ್ತೀನಿ ಟೀಚರ್. ನಂಬ್ತೀನಿ ಅಂತನ ಅಂಜಿಕಿ. ನಂಬ್ಲಿಲ್ಲ ಅಂದ್ರ ಅಕ್ಕ ಮಣ್ಣಾಗ ಮಣ್ಣಾದ್ಲು, ನನ್ನ ಕೇಳೋರಿಲ್ಲ. ಏಳ್ತಾಳ ಅಂತ ಗೊತ್ತೈತಲ್ಲ, ಅದಕ್ಕ."

ಹೀಗೆ ಶುರುವಾದ ಮಾತು ನಿಲ್ಲಲಿಲ್ಲ. ಫೋನು, ಸುಳ್ಳು, ಸುಗುಣ, ಎಲ್ಲವನ್ನೂ ಹೇಳಿದೆ. ಅವತ್ತಿನ ತನಕ ಯಾರಿಗೂ ಹೇಳಿರಲಿಲ್ಲ. ಟೀಚರು ಕೈಯಲ್ಲಿದ್ದ ಮಿರ್ಚಿಯನ್ನು ಕಾಗದದ ಮೇಲಿಟ್ಟರು.

"ಸ್ವಾಮಿಯ ಶಿಷ್ಯ ಪೇತ್ರ ಏನು ಮಾಡಿದ್ದ ಹೇಳು. ಸ್ವಾಮಿಯನ್ನ ಸಿಪಾಯಿಗಳು ಹಿಡಕೊಂಡು ಹೋದ ರಾತ್ರಿ ಬೆಂಕಿ ಕಾಸ್ಕೊಂತ ನಿಂತು, ಆ ಮನುಷ್ಯ ಯಾರೋ ಗೊತ್ತಿಲ್ಲ ಅಂತ ಮೂರು ಸಲ ಸುಳ್ಳು ಹೇಳಿದ. ಎದ್ದ ಮ್ಯಾಲೆ ಸ್ವಾಮಿ ಏನು ಮಾಡಿದ್ರು? ಬಾರಲೇ ಸುಳ್ಳ ಅಂತ ಕೊಳ್ಳಪಟ್ಟಿ ಹಿಡದ್ರೇನು? ಕೆರಿ ದಂಡಿಮ್ಯಾಲ ತಾವ ಮೀನು ಸುಟ್ಟು, ಬರ್ರೋ ಉಣ್ರಿ ಅಂದ್ರು. ಬಿಟ್ಟು ಓಡಿದೋರನ್ನ, ನನ್ನ ಅಣ್ಣತಮ್ಮಂದಿರು ಅಂತ ಕರದ್ರು. ಸಾವು ಗೆದ್ದು ಬಂದೋರು ಹ್ಯಾಗ ಬರ್ತಾರ ಅಂತ ಅಲ್ಲೇ ತಿಳೀತೈತೋ. ನಿಮ್ಮಕ್ಕನೂ ಅವರ ಜೋಡಿನ ಏಳ್ತಾಳ, ಅವರಂಗ ಏಳ್ತಾಳ. ನೀನು ಅಕಿ ಏಳೂದನ್ನ ಪೊಲೀಸ್ ಸಮನ್ಸ್ ಅಂತ ತಿಳ್ಕೊಂಡೀಯಲ್ಲೋ ಮಬ್ಬ."

ನಾನು ಅಳುತ್ತಿದ್ದೆ. ಟೀಚರು ಬಿಡಲಿಲ್ಲ.

"ಅಕ್ಕನ ಚಿಂತಿ ಬಿಡು. ಅಕಿ ಒಳ್ಳೆ ಕಡಿ ಅದಾಳ. ಆದ್ರ ಆ ಹುಡುಗಿ? ಅಕಿ ಕರೂರಾಗ ಅದಾಳ, ಬಸ್ ಐತಿ. ಅಕಿಗೆ ಹೇಳಾಕ ಕಡೀ ದಿನದ ತುತ್ತೂರಿ ಊದೂತನಕ ಯಾಕ ಕಾಯ್ತಿ?"

ಮರುದಿನವೇ ಹೋದೆ. ಸುಗುಣ ಮನೆಯ ಮುಂದಿನ ಕಟ್ಟೆಯ ಮೇಲೆ ಹೊಲಿಗೆ ಮಷೀನು ಇಟ್ಟುಕೊಂಡು ಹಬ್ಬದ ರವಿಕೆಗಳನ್ನು ಹೊಲಿಯುತ್ತಿದ್ದಳು. ರಸ್ತೆಯ ಮೇಲೆ ಭತ್ತ ಒಣಹಾಕಿದ್ದರು. "ಬಾ ಮಾಮಾ, ಚಾ ಇಡ್ತೀನಿ" ಅಂದಳು. ಚಹಾ ಬೇಡ, ಮೊದಲು ಕೇಳು ಎಂದು ನಿಂತೇ ಹೇಳಿದೆ. ಕೂತರೆ ಹೇಳಲಾಗದೆಂದು ಗೊತ್ತಿತ್ತು. ನಾನು ಹೇಳುತ್ತ ಹೋದಂತೆ ಅವಳ ಕಾಲು ಪೆಡಲು ತುಳಿಯುತ್ತಲೇ ಇತ್ತು. ಆಮೇಲೆ ನಿಂತಿತು.

"ಎಷ್ಟು ಸಲ ಮಾಡಿದ್ಲು?"

"ನಾಲ್ಕು ಸಲ. ಒಮ್ಮಿ ಎತ್ತಿದೆ."

"ಹತ್ತು ವರ್ಷ ಮಾಮಾ." ಅವಳ ದನಿ ಏರಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. "ಹತ್ತು ವರ್ಷ ಅವ್ವನ ಫೋಟೋ ಮುಂದ ನಿಂತು, ತಪ್ಪಾತವ್ವ ಅಂತ ಅತ್ತೀನಿ. ನಿನ್ನ ಮುಂದೂ ಅತ್ತೀನಿ. ನೀನು ಬಾಯಿ ಮುಚ್ಕೊಂಡು ಚಾ ಕುಡದಿ."

"ಹೌದವ್ವ. ಕುಡದೆ."

"ಹೋಗು."

ಹೋದೆ. ಬಸ್ಸಿಗಾಗಿ ಹುಣಸೆ ಮರದ ಕೆಳಗೆ ನಿಂತೆ. ಮನಸ್ಸು ಭಾರವಾಗಿತ್ತು, ಆದರೆ ಹತ್ತು ವರ್ಷದ ಭಾರಕ್ಕಿಂತ ಅದು ಬೇರೆ ಥರದ್ದು. ಬಸ್ಸು ತಿರುವಿನಲ್ಲಿ ಕಾಣಿಸುವಷ್ಟರಲ್ಲಿ ಸುಗುಣ ಬಂದಳು. ಕೈಯಲ್ಲಿ ಕತ್ತರಿ ಹಾಗೆಯೇ ಇತ್ತು. ಕಂಡಕ್ಟರು ಗಾಬರಿಯಾಗಿ, "ಏನವ್ವ, ಸಾವಕಾಶ!" ಅಂದ.

"ಕಲ್ಲು ಈ ಹಬ್ಬಕ್ಕ ನಿಂದ್ರಬೇಕು," ಅಂದಳು ಅವಳು ನನಗೆ. "ಮಷೀನಿನಾಗ ಹೊಡಿಸಿದ್ದಲ್ಲ. ನಿನ್ನ ಕೈಲೆ ಕೆತ್ತಿದ್ದು."

"ಕೈ ನಡಗತೈತವ್ವ."

"ನಡಗಲಿ."

ಮಂಗಳವಾರ ಕುರುಗೋಡಿಗೆ ಹೋಗಿ ಮೂಲೆ ಮೂಲೆಗೆ ತಟ್ಟಿ ಒಂದು ಕಲ್ಲು ಆರಿಸಿದೆ. ಆಮೇಲೆ ನಡೆದದ್ದನ್ನು ನೀವೇ ನೋಡಿದ್ದೀರಿ. ಅದು ಯಾರ ಕಲ್ಲು, ಅಷ್ಟು ಹಟ ಯಾಕೆ ಎಂದು ಮಾತ್ರ ನಿಮಗೆ ಹೇಳಿರಲಿಲ್ಲ. "ಕಾಕಾ, ಒಂದು ತಾಸಿನ್ಯಾಗ ಹೊಡದು ಕೊಡ್ತೀವಿ, ಯಾಕ ಒದ್ದಾಡ್ತೀರಿ" ಎಂದು ನೀವು ಮೂವರೂ ಗೋಗರೆದಿರಿ. ಬೇಡ ಅಂದೆ. ಬಲಗೈಯನ್ನು ಎಡಗೈಯಿಂದ ಹಿಡಿದು, ಅಕ್ಷರಕ್ಕೊಮ್ಮೆ ನೀರು ಕುಡಿದು ಕೆತ್ತಿದೆ. ‘ರು’ ಕೆಳಗೆ ಜಾರಿತು, ‘ಮ್ಮ’ ಅಗಲವಾಯಿತು. ಕೊನೆಯ ಸಾಲು ಬಂದಾಗ ಚಾಣವನ್ನು ಮತ್ತೆ ಮಸೆದೆ. ಆಮೇಲೆ ಕೆತ್ತಿದೆ, ಪೂರ್ತಿ. ಜಗತ್ತಿನಲ್ಲಿ ನನ್ನನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದವಳನ್ನು ಮತ್ತೆ ನೋಡುವುದಿದೆ ಎಂಬ ಮಾತಿಗೆ ನಾನು ಇಷ್ಟು ವರ್ಷ ಹೆದರಿದ್ದೆನಲ್ಲ ಎಂದು ನಗು ಬಂತು. ನಾನು ನಕ್ಕದ್ದನ್ನು ನೋಡಿ ನೀವು, ಕಾಕಾನಿಗೆ ಬಿಸಿಲು ಹೊಡೆದಿದೆ ಎಂದು ಮಜ್ಜಿಗೆ ತಂದುಕೊಟ್ಟಿರಿ.

ಶನಿವಾರ ಬೆಳಿಗ್ಗೆ ಟೆಂಪೋದಲ್ಲಿ ಕರೂರಿಗೆ ಒಯ್ದೆ. ಸುಗುಣ ಸ್ಮಶಾನದಲ್ಲಿ ಸುಣ್ಣ ಬಳಿಯುತ್ತಿದ್ದಳು. ಕಲ್ಲು ಇಳಿಸಿದಾಗ ಬಂದು, ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿ ಓದಿದಳು. ಸೊಟ್ಟಗಿದೆ ಎಂದು ಅನ್ನಲಿಲ್ಲ. ಎಲ್ಲಕ್ಕೂ ಕೆಳಗೆ ಕಲ್ಲು ಇಡಿಸಿದವರ ಹೆಸರು ಹಾಕುವುದು ರೂಢಿ. ಅಲ್ಲಿ ‘ಮಗಳು ಸುಗುಣ’ ಎಂದಷ್ಟೇ ಇತ್ತು.

"ನಿನ್ನ ಹೆಸರೆಲ್ಲಿ?"

"ನನ್ನದ್ಯಾಕವ್ವ? ಯಾವ ಮುಖ ಇಟ್ಕೊಂಡು ಹಾಕ್ಲಿ?"

"ಅವ್ವಗ ಒಬ್ಬ ತಮ್ಮ ಇದ್ದ. ಇದ್ದನೋ ಇಲ್ಲೋ? ಸುಳ್ಳು ಹೇಳಿದ್ದು ಸಾಕು, ಕಲ್ಲಿನ ಕೈಲೆ ಹೇಳಿಸಬ್ಯಾಡ. ಹಾಕು."

ಅಲ್ಲಿಯೇ ನೆಲಕ್ಕೆ ಕೂತು, ‘ತಮ್ಮ ಜಾನಪ್ಪ’ ಎಂದು ಕೆತ್ತಿದೆ. ಮಧ್ಯಾಹ್ನದ ತನಕ ಹಿಡಿಯಿತು. ಸುಗುಣ ಕೊಡೆ ಹಿಡಿದು ನಿಂತಿದ್ದಳು. ಮುಗಿದ ಮೇಲೆ, "ನನ್ನ ಸಿಟ್ಟು ಹೋಗಿಲ್ಲ ಮಾಮಾ, ತಿಳಿ" ಅಂದಳು.

"ಹೋಗೂತನಕ ಬರ್ತಿರ್ತೀನವ್ವ."

"ಬಾ. ಬರೂದು ಬಿಟ್ರ ನೋಡು ಮತ್ತ."

ಇಬ್ಬರೂ ಸೇರಿ ಕಲ್ಲು ನಿಲ್ಲಿಸಿದೆವು.

ಮಕ್ಕಳಾ, ಮಷೀನು ಎಷ್ಟು ಬೇಕಾದರೂ ಓಡಿಸಿ, ನನ್ನ ತಕರಾರಿಲ್ಲ. ಆದರೆ ಹಬ್ಬದ ವಾರ ಮನೆಯಿಂದ ಫೋನು ಬಂದರೆ ಮಷೀನು ನಿಲ್ಲಿಸಿ ಎತ್ತಿ. ಸತ್ತವರು ಕಾಯುತ್ತಾರೆ, ಅವರಿಗೆ ಅವಸರವಿಲ್ಲ. ನಿರೀಕ್ಷೆಯ ಆ ಕೊನೆಯ ಸಾಲನ್ನು ಕಲ್ಲಿಗೆ ಹೊಡೆಯುವಾಗ ಒಮ್ಮೆ ನೀವೂ ಓದಿಕೊಳ್ಳಿ. ನಮ್ಮ ಕೈಯಿಂದ ಕೆಟ್ಟದ್ದನ್ನು ಸರಿಪಡಿಸುವ ದಿನವೊಂದು ಮುಂದೆ ಇದೆ ಎಂದು ಅದು ಹೇಳುತ್ತದೆ. ಮುಂದೆ ಇದೆ ಎಂದಮೇಲೆ ಇವತ್ತೇ ಸ್ವಲ್ಪ ಸರಿಮಾಡಲು ಧೈರ್ಯ ಬರುತ್ತದೆ. ನನಗೆ ಬಂದದ್ದು ಹಾಗೆ.

ಭಾನುವಾರ ಬೆಳಕು ಹರಿಯುವಾಗ ಕರೂರಿನ ನಾಲ್ಕಾರು ಮನೆಯವರು ಸ್ಮಶಾನದಲ್ಲಿ ಸೇರಿದರು. ಗದ್ದೆಗಳ ಆಚೆ ಆಕಾಶ ಕೆಂಪಾಯಿತು. ಅಯ್ಯನವರು, "ಕ್ರಿಸ್ತನು ಎದ್ದಿದ್ದಾನೆ" ಎಂದು ಕೂಗಿದರು. ನಿಜವಾಗಿ ಎದ್ದಿದ್ದಾನೆ ಎಂದು ಎಲ್ಲರೂ ಉತ್ತರ ಕೊಡಬೇಕು. ಹತ್ತು ವರ್ಷ ನಾನು ಬರೀ ತುಟಿ ಆಡಿಸಿದ್ದೆ. ಅವತ್ತು ನನ್ನ ದನಿ ಎಲ್ಲರಿಗಿಂತ ಜೋರಾಗಿ ಬಂತು, ಪಕ್ಕದ ಗದ್ದೆಯ ಕೊಕ್ಕರೆಗಳು ಹಾರಿಹೋದವು. ಸುಗುಣ ನನ್ನ ಕಡೆ ತಿರುಗಿ ನೋಡಿದಳು, ಸಿಟ್ಟಿನ ನಡುವೆಯೇ ಬಾಯಿಗೆ ಸೆರಗು ಹಿಡಿದು ನಕ್ಕಳು. ನಾನು ಅಕ್ಕನ ಕಲ್ಲಿನ ಮೇಲೆ ಕೈಯಿಟ್ಟು, ಅವಳು ಎದ್ದ ದಿನ ಮೊದಲು ಆಡಬೇಕಾದ ಮಾತನ್ನು ಅವತ್ತೇ ಆಡಿದೆ.

"ತಡ ಆತಕ್ಕಾ. ಬಂದೀನಿ."